ಇಳಿಯದ ಹೊಟ್ಟೆ

ಬಾಣಂತಿಯ ಹೊಟ್ಟೆ ಕಟ್ಟುವುದರಲ್ಲಿ ಕಾಮಾಕ್ಷಮ್ಮನನ್ನು ಮೀರಿಸುವವರು ಕೊಣನೂರಿನ ಸುತ್ತಮುತ್ತ ಯಾರೂ ಇರಲಿಲ್ಲ. ಹಾಗೆಂದು ಕಾಮಾಕ್ಷಮ್ಮನೇ ಹೇಳುತ್ತಿದ್ದಳು. ಹಳೇ ಹತ್ತಿ ಸೀರೆ ಮಡಿಸಿ ಸುತ್ತಿ ಬಿಗಿದಳೆಂದರೆ ಎಂಥ ಹೊಟ್ಟೆಯೂ ಹೇಳಿದ ಮಾತು ಕೇಳುತ್ತಿತ್ತು. ಕೇಳದೆ ಹೋದದ್ದು ಸ್ವಂತ ಮಗಳು ಧನ್ಯಾಳ ಹೊಟ್ಟೆ.

ಹೆರಿಗೆ ಹಾಸನದಲ್ಲಾಗಿತ್ತು. ಕಷ್ಟದ್ದೇ, ಇಕ್ಕಳ ಹಾಕಿ ಮಗು ಎಳೆದಿದ್ದರು. ತವರಿಗೆ ಬಂದ ಮೇಲೆ ಹೊಟ್ಟೆ ಇಳಿಯುವ ಬದಲು ಏರತೊಡಗಿತು.

"ಒಂದಕ್ಕೆ ಸರ್ಯಾಗಿ ಓಗ್ತಾನೇ ಇಲ್ಲ ಕಣವ್ವಾ. ತೊಟ್ಟು ತೊಟ್ಟು ಬಟ್ಟೆಗೇ ಆಯ್ತದೆ," ಎಂದಳು ಧನ್ಯಾ.

"ನೀರೇ ಕುಡ್ದಿಲ್ಲ, ಎಲ್ಲಿಂದ ಬಂದಾತು?"

ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ದಿನಕ್ಕೆ ಎರಡೇ ಲೋಟ ಕೊಡುತ್ತಿದ್ದವಳೂ ಕಾಮಾಕ್ಷಮ್ಮನೇ. ಕಟ್ಟನ್ನು ಇನ್ನೊಂದು ಸುತ್ತು ಬಿಗಿದಳು.

ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಹೊಟ್ಟೆ ಐದು ತಿಂಗಳ ಬಸುರಿಯಷ್ಟಿತ್ತು. ಧನ್ಯಾ ಬೆವೆತು ಹೋಗಿದ್ದಳು, ಕರೆದರೆ ಓಗೊಡಲಿಲ್ಲ. ಕಾಮಾಕ್ಷಮ್ಮ ತನ್ನ ಗಂಡ ಚನ್ನಪ್ಪನ ಕಾರಿನಲ್ಲಿ ಮಗಳನ್ನೂ ಕೂಸನ್ನೂ ಹಾಕಿಕೊಂಡು ಅರಕಲಗೂಡಿನ ಡಾಕ್ಟರ್ ರಂಜಿನಿಯ ಹತ್ತಿರ ಓಡಿದಳು. ದಾರಿಯುದ್ದಕ್ಕೂ ರಸ್ತೆಯನ್ನು ಬೈದಳು, ಚನ್ನಪ್ಪನ ಡ್ರೈವಿಂಗನ್ನು ಬೈದಳು. ತನ್ನನ್ನೇ ಬೈದುಕೊಳ್ಳುವ ಸರದಿ ಬರುವ ಮುಂಚೆ ಆಸ್ಪತ್ರೆ ಬಂತು.

ಡಾಕ್ಟರು ಸಣ್ಣ ಕೊಳವೆ ಹಾಕಿದರು. ನರ್ಸು ಅಳೆದು, "ಒಂದೂ ಮುಕ್ಕಾಲು ಲೀಟರು ಮೇಡಂ," ಎಂದಳು. ಯಾರೂ ಕಟ್ಟದೆ ಹೊಟ್ಟೆ ಇಳಿಯಿತು.

"ಹೆರಿಗೆಯಲ್ಲಿ ನರ ಜಜ್ಜಿ ಮೂತ್ರಚೀಲ ಸೋತುಹೋಗಿದೆ. ಅಪರೂಪಕ್ಕೆ ಹೀಗಾಗುತ್ತೆ. ಇನ್ನೊಂದು ದಿನ ಬಿಟ್ಟಿದ್ರೆ ಒಡೆದೇ ಹೋಗಬಹುದಿತ್ತು. ಹೊಟ್ಟೆ ಮೇಲೆ ಬರೆ ಎದ್ದಿದೆಯಲ್ಲ, ಯಾರು ಕಟ್ಟಿದ್ದು?"

"ನಾನೇಯ," ಎಂದಳು ಕಾಮಾಕ್ಷಮ್ಮ. ಇಷ್ಟು ಸಣ್ಣ ದನಿ ಹೆಂಡತಿಗೆ ಇದೆಯೆಂದು ಚನ್ನಪ್ಪನಿಗೆ ಅವತ್ತೇ ಗೊತ್ತಾದದ್ದು.

ಕೊಳವೆ ಕೆಲವು ದಿನ ಇರಲಿ, ಸರಿಹೋಗುತ್ತಾಳೆ ಎಂದರು ಡಾಕ್ಟರು. "ನೀರು ಚೆನ್ನಾಗಿ ಕುಡೀಲಿ. ತೊಟ್ಟಿಕ್ಕೋದು ಹೆತ್ತವರಿಗೆಲ್ಲ ಇದ್ದದ್ದೇ ಅಂತ ಸುಮ್ಮನಿರಬೇಡಿ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ."

ಮಗಳು ಉಳಿದಳಲ್ಲ ಎಂದು ಕಾಮಾಕ್ಷಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ಚನ್ನಪ್ಪನನ್ನು ಕಾಫಿ ತರಲು ಅಟ್ಟಿ, ಅವನು ಹೋದದ್ದು ಖಾತ್ರಿಯಾದ ಮೇಲೆ ಡಾಕ್ಟರ ಹತ್ತಿರ ಸರಿದಳು.

"ನಂಗೂ ಅಂಗೇ ತೊಟ್ಟು ತೊಟ್ಟು ಆಯ್ತದೆ ಕಣವ್ವಾ. ಅದ್ಕೂ ಔಸ್ದಿ ಐತಾ?"

"ಎಷ್ಟು ದಿನದಿಂದ ಅಮ್ಮಾ?"

ಕಾಮಾಕ್ಷಮ್ಮ ಮಂಚದ ಕಡೆ ನೋಡಿದಳು. ಧನ್ಯಾಳಿಗೆ ನಿದ್ದೆ ಹತ್ತಿತ್ತು.

"ಇವ್ಳು ಉಟ್ದಾಗ್ಲಿಂದ. ಇಪ್ಪತ್ತೇಳು ವರ್ಸ ಆತು."