ಕರಿಯನ ಜುಟ್ಟು

ಜುಟ್ಟಿನ ಕೋಳಿಗಳ ಪ್ರದರ್ಶನಕ್ಕೆ ತಳಿ ಬೆಳೆಸುವ ಅಪ್ಪ, ಈ ಸಲ ಜುಟ್ಟು ದಟ್ಟವಾಗಿರುವ ಒಂದೇ ಹುಂಜವನ್ನು ತಳಿಗೆಂದು ಉಳಿಸಿಕೊಳ್ಳುವವರಿದ್ದರು; ಮಿಕ್ಕವು ಮಾಂಸದ ಅಂಗಡಿಗೆ. ಕರಿಯ ಎಂಬ ಹುಂಜನ ಜುಟ್ಟು ಕಣ್ಣಿಗಿಳಿದು, ಅವನು ನೀರಿನ ಬಟ್ಟಲನ್ನೇ ಎಡವುತ್ತಿದ್ದ. ಪಾಪ ಅನ್ನಿಸಿ ಕಳೆದ ವಾರ ಯಾರಿಗೂ ಹೇಳದೆ ಕತ್ತರಿ ಆಡಿಸಿದ್ದೆ. ಕೈ ತಪ್ಪಿ ಹೆಚ್ಚೇ ಹೋಗಿತ್ತು.

ಇಂದು ಅಪ್ಪ ಅವನ ತಲೆ ನೇವರಿಸಿ ನೋಡಿ ಕೆಳಗೆ ಬಿಟ್ಟರು. "ಜುಟ್ಟು ತೆಳುವಾಗಿದೆಯಲ್ಲೇ! ಇದರ ಮರಿಗಳೂ ಬೋಳುತಲೆಯವೇ ಆಗ್ತವೆ, ನಿನ್ನ ಮಾವನ ಹಾಗೆ."

"ನನ್ನ ತಮ್ಮನ ಸುದ್ದಿಗೆ ಬರಬೇಡಿ," ಎಂದಳು ಅಮ್ಮ ಒಳಗಿಂದಲೇ.

ನಿಜ ಹೇಳಲು ಬಾಯಿ ತೆರೆದೆ. ಹೇಳದೆ, ಬಗ್ಗಿ ಅವನ ಬಟ್ಟಲಿಗೆ ನೀರು ಸುರಿದೆ.

"ಹಿಡಿದು ಅಂಗಡಿಗೆ ಹೋಗೋ ಬುಟ್ಟಿಗೆ ಹಾಕಮ್ಮಾ," ಎಂದರು ಅಪ್ಪ ನನಗೆ.

ಅಟ್ಟಿಸಿಕೊಂಡು ಹೋಗಬೇಕಾಗಲಿಲ್ಲ. ಈಗ ಕಣ್ಣು ಕಾಣುತ್ತಿದ್ದ ಕರಿಯ, ನನ್ನನ್ನು ಕಂಡೊಡನೆ ತಾನಾಗಿ ಕೈಯತ್ತ ಓಡಿಬಂದ.