ಎಂಟು ವಾರದ ಭಂಗಿ ಬೆಳೆ

ಸ್ಕಂದ ತನ್ನ ಕೋಣೆಯ ಬಟ್ಟೆಬೀರುವಿನೊಳಗೆ ಗಾಂಜಾ ಬೆಳೆಯುತ್ತಿದ್ದಾನೆಂದು ಭೀಮಪ್ಪನಿಗೆ ಗೊತ್ತಾದದ್ದು ಬೀಜ ಮೊಳೆತ ಐದನೆಯ ದಿನ. ಇಸ್ತ್ರಿಪೆಟ್ಟಿಗೆ ಕೇಳಲು ಹೋದವನು, ಬೀರುವಿನ ಸಂದಿಯಿಂದ ನೇರಳೆ ಬಣ್ಣದ ಬೆಳಕು ಸೋರುವುದನ್ನು ಕಂಡು ಬಾಗಿಲು ಎಳೆದ. ಮೂರು ಮೊಸರಿನ ಡಬ್ಬಿ, ಮೂರು ಸಸಿ, ಗರಗಸದಂಥ ಅಂಚಿನ ಎಳೆ ಎಲೆ. ಹರಿಹರದ ಹತ್ತಿರದ ಅವನ ಹಳ್ಳಿಯಲ್ಲಿ ಪಾಳು ಗುಡಿಯ ಹಿಂದೆ ಬೈರಾಗಿಯೊಬ್ಬ ಇಂಥವೇ ಎರಡು ಭಂಗಿ ಗಿಡ ಸಾಕುತ್ತಿದ್ದ. ಹೆಸರು ಹೇಳಿಸಿಕೊಳ್ಳುವ ಅಗತ್ಯ ಬೀಳಲಿಲ್ಲ.

ಪರದೇಶದ ಅತ್ಲೋನ್ ಪಟ್ಟಣದ ಅಂಚಿನ ಒಂದು ಬಾಡಿಗೆ ಮನೆಯಲ್ಲಿ ಇಬ್ಬರೂ ಇದ್ದರು. ಭೀಮಪ್ಪ ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು. ದೊಡ್ಡಬಳ್ಳಾಪುರದ ಗುಲಾಬಿ ಪಾಲಿಹೌಸುಗಳಲ್ಲಿ ಇಪ್ಪತ್ತು ವರ್ಷ ದುಡಿದು, ಆ ಕೈಗುಣದ ಮೇಲೆಯೇ ಇಲ್ಲಿನ ಟೊಮೆಟೊ ಗಾಜಿನಮನೆಗೆ ಪರ್ಮಿಟ್ ಪಡೆದು ಬಂದವನು. ಮೈಸೂರಿನ ಸ್ಕಂದ ಇಲ್ಲೇ ಮಾಸ್ಟರ್ಸ್ ಓದಿ ಇಲ್ಲೇ ಸಾಫ್ಟ್‌ವೇರ್ ಕಂಪನಿ ಸೇರಿದ್ದ. ಬಾಡಿಗೆ ಕರಾರು ಭೀಮಪ್ಪನ ಹೆಸರಿನಲ್ಲಿತ್ತು. ಅವನು ಹೆಂಡತಿ ವಿನೋದಿನಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕುವುದರಲ್ಲಿದ್ದ. ಆಕೆ ಈ ಮನೆಯಲ್ಲಿ ಇರಬಹುದೆಂದು ಮನೆಯ ಏಜೆಂಟು ಸಹಿ ಮಾಡಿದ ಪತ್ರವೊಂದು ಆ ಅರ್ಜಿಗೆ ಬೇಕಿತ್ತು. ಅಂಥ ಹೊತ್ತಿನಲ್ಲಿ ಬೀರುವಿನೊಳಗೆ ಗಾಂಜಾ.

ಅವತ್ತೇ ಕಿತ್ತು ಬಿಸಾಡಬೇಕಿತ್ತು. ಕೈ ಚಾಚಿಯೂ ಇದ್ದ. ಅಷ್ಟರಲ್ಲಿ ಸ್ಕಂದ ಬಾಯಿಬಿಟ್ಟ.

"ಬರೀ ಎಂಟು ವಾರ, ಭೀಮಣ್ಣ. ನಿಮ್ಮ ಲೆಟರ್ ಬರೋಷ್ಟರಲ್ಲಿ ಹಾರ್ವೆಸ್ಟ್ ಮುಗಿದು ಬೀರು ಖಾಲಿ ಆಗಿರುತ್ತೆ. ಬೀಜದ ಪ್ಯಾಕೆಟ್ ಮೇಲೇ ಬರೆದಿದ್ದಾರೆ, ನೋಡಿ."

ಭೀಮಪ್ಪನ ಕೈ ಅಲ್ಲೇ ನಿಂತಿತು. ಬೈರಾಗಿ ಮೃಗಶಿರ ಮಳೆಗೆ ಬೀಜ ಊರಿದರೆ ದೀಪಾವಳಿ ಕಳೆದ ಮೇಲೆ ಕೊಯ್ಯುತ್ತಿದ್ದ. ಬಿತ್ತನೆಯಿಂದ ಕಟಾವಿಗೆ ಐದು ತಿಂಗಳು. ಎಂಟು ವಾರಕ್ಕೆ ಬರುವುದು ಕೊತ್ತಂಬರಿ ಸೊಪ್ಪು. ಪ್ಯಾಕೆಟ್ ಓದಿ ಬೇಸಾಯಕ್ಕೆ ಇಳಿದ ಈ ಪಂಡಿತನ ಮುಖ ಎಂಟನೆಯ ವಾರ ಹೇಗಿರುತ್ತದೆಂದು ನೋಡುವ ಆಸೆ ಅವನಲ್ಲಿ ಹಸಿವಿನ ಹಾಗೆ ಎದ್ದಿತು.

"ಎಂಟು ವಾರ ಅಂದ್ಯಲ್ಲ, ಎಣಿಸ್ತೀನಿ ಕಣಲೇ," ಎಂದು ಬೀರು ಮುಚ್ಚಿದ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅವತ್ತಿನಿಂದ ದಿನಕ್ಕೊಂದು ಗೀಟು ಬಿತ್ತು.

ಸ್ಕಂದನ ಒಕ್ಕಲುತನ ನೋಡುವಂತಿತ್ತು. ಗಿಡದ ಎತ್ತರವನ್ನು ದಿನವೂ ಅಳೆದು ಲ್ಯಾಪ್‌ಟಾಪಿಗೆ ತುಂಬುತ್ತಿದ್ದ. ಬೀರುವಿನೊಳಗೆ ಪುಟ್ಟ ಸ್ಪೀಕರಿಟ್ಟು ಕೊಳಲು ಕೇಳಿಸುತ್ತಿದ್ದ. ಮೂರು ಹೊತ್ತು ನೀರು ಸುರಿದು ಬೇರು ಕೊಳೆಸಿದ. ಎಲೆ ಹಳದಿಯಾದಾಗ, ಎಲ್ಲೋ ಓದಿದ್ದೇನೆಂದು, ಆರಿದ ಗ್ರೀನ್ ಟೀ ಹೊಯ್ದ. ಭೀಮಪ್ಪ ಬಾಗಿಲಿಗೆ ಒರಗಿ ನಿಂತು, ರಾತ್ರಿಗೆ ಚಪಾತಿಯನ್ನೂ ಹಾಕು, ನೆಂಟರಲ್ಲವೇ, ಎಂದು ಹಂಗಿಸಿದ. ಆದರೆ ದಡ್ಡನ ಕೈಯಲ್ಲಿ ಗಿಡ ಸಾಯುವುದನ್ನು ಸುಮ್ಮನೆ ನೋಡುವುದು ಅವನ ಕೈಲಾಗದ ಕೆಲಸ. ಒಂದು ಭಾನುವಾರ ಬೈದುಕೊಳ್ಳುತ್ತಲೇ ಡಬ್ಬಿಗಳ ಬದಲು ದೊಡ್ಡ ಕುಂಡ ತಂದು ತಳಕ್ಕೆ ತೂತು ಹೊಡೆದ, ಮಣ್ಣು ಬದಲಿಸಿದ, ನೀರಿನ ಡಬ್ಬಿಯನ್ನು ಕಿತ್ತುಕೊಂಡು ತನ್ನ ಕೋಣೆಯಲ್ಲಿಟ್ಟುಕೊಂಡ. ಗಿಡಗಳು ಚೇತರಿಸಿಕೊಂಡು ಮೊಣಕಾಲೆತ್ತರ ಬಂದವು.

ವಿನೋದಿನಿಗೆ ಫೋನಿನಲ್ಲಿ ಇದನ್ನೆಲ್ಲ ತಮಾಷೆಯಾಗಿ ಹೇಳಿದ. ಆಕೆ ನಗಲಿಲ್ಲ. ಮೊದಲು ಕಿತ್ತು ಹಾಕಿ, ಆ ಹುಡುಗನಿಗೆ ಬುದ್ಧಿ ಕಲಿಸುವುದು ನಿಮ್ಮ ಕೆಲಸವಲ್ಲ, ಎಂದಳು. ಎಂಟು ವಾರ ತುಂಬಲಿ ಎಂದು ಇವನು ಮಾತು ತೇಲಿಸಿದ.

ಎಂಟು ವಾರ ತುಂಬಿತು. ಸೊಂಟದೆತ್ತರದ ಹಸಿರು ಎಲೆ, ಒಂದು ಹೂವಿಲ್ಲ. ಸ್ಕಂದ ಆಗ ಬೀಜ ಮಾರಿದವರ ವೆಬ್‌ಸೈಟನ್ನು ಕೊನೆಯವರೆಗೆ ಓದಿದ. ಆ ಎಂಟು ವಾರದ ಲೆಕ್ಕ ಬೀಜದಿಂದಲ್ಲ. ದೀಪ ಉರಿಸುವುದನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸಿ ಗಿಡವನ್ನು ಹೂವಿಗೆ ತಿರುಗಿಸಿದ ದಿನದಿಂದ. ಅದಕ್ಕೆ ಮುಂಚಿನ ಎರಡು ತಿಂಗಳು ಬರೀ ಎಲೆಗೆ. ಕೊಯ್ದ ಮೇಲೆ ಒಣಗಿಸುವುದು ಬೇರೆ, ಗಾಜಿನ ಬಾಟಲಿಯಲ್ಲಿ ಹದ ಬರಿಸುವುದು ಬೇರೆ. ಒಟ್ಟು ಕೂಡಿಸಿದರೆ ಐದು ತಿಂಗಳು. ಬೈರಾಗಿಗೆ ವೆಬ್‌ಸೈಟ್ ಇರಲಿಲ್ಲ. ಭೀಮಪ್ಪ ಎರಡು ದಿನ ನಕ್ಕ. ಊಟಕ್ಕೆ ಕೂತಾಗ, ಅನ್ನ ಬೆಂದಿದೆಯೋ ಇಲ್ಲವೋ ಅಕ್ಕಿ ಚೀಲ ಓದಿ ಹೇಳು, ಎಂದು ಕಾಡಿದ. ನಗುವ ಭರದಲ್ಲಿ, ಎಂಟು ವಾರ ತುಂಬಲಿ ಎಂದು ಹೆಂಡತಿಗೆ ಹೇಳಿದ್ದ ಗಡುವು ಮುಗಿದದ್ದನ್ನು ಮರೆತ. ಅಥವಾ ಮರೆತಂತೆ ಇದ್ದ.

ಹನ್ನೊಂದನೆಯ ವಾರ ಗೆಣ್ಣುಗಳಲ್ಲಿ ಪುಟ್ಟ ಪುಟ್ಟ ಗೊಂಚಲು ಜೋತವು. ಸ್ಕಂದ ಕುಣಿದಾಡಿದ. ಮೊಗ್ಗು ಬಂತು, ಮೊಗ್ಗು ಬಂತು, ಎಂದು ಫೋಟೋ ಹಿಡಿದ. ಭೀಮಪ್ಪ ಒಂದು ಗೊಂಚಲನ್ನು ಉಗುರಿನಿಂದ ಬಿಡಿಸಿ ನೋಡಿದ. ಕಾಯಿ ಕಟ್ಟದ ಗಂಡು ಪಪ್ಪಾಯಿ ಇಂಥದೇ ಜೋಲುಹೂ ಬಿಡುತ್ತದೆ. ಉಳಿದೆರಡನ್ನೂ ನೋಡಿದ. ಮೂರೂ ಗಂಡು. ಸೇದುವವರಿಗೆ ಬೇಕಾದದ್ದು ಹೆಣ್ಣು ಗಿಡದ ಹೂವು. ಐದು ತಿಂಗಳಲ್ಲ, ಐದು ವರ್ಷ ಕಾದರೂ ಇವುಗಳಿಂದ ಬರುವುದು ಹಳದಿ ಪುಡಿ ಮಾತ್ರ. ಗಿಡಗಳಲ್ಲಿ ಗಂಡು ಹೆಣ್ಣು ಉಂಟೆಂಬುದೇ ಈ ಎಂಜಿನಿಯರಿಗೆ ಗೊತ್ತಿರಲಿಲ್ಲ.

ಹೇಳಲು ಬಾಯಿ ತೆರೆದ ಭೀಮಪ್ಪ ಮತ್ತೆ ಮುಚ್ಚಿಕೊಂಡ. ಕೊಯ್ಯಲಿ, ಒಣಗಿಸಲಿ, ಬಾಟಲಿಗೆ ತುಂಬಲಿ, ಗೆಳೆಯರನ್ನು ಕರೆದು ಕೂರಿಸಿಕೊಂಡು ಒಣಹುಲ್ಲು ಸೇದಲಿ. ಆ ದಿನದ ನಗುವಿನ ಮುಂದೆ ಎಂಟನೆಯ ವಾರದ ನಗು ಏನೇನೂ ಅಲ್ಲ.

ಹದಿನಾಲ್ಕನೆಯ ವಾರ ಏಜೆಂಟು ಓರ್ಲಾಳ ಮೆಸೇಜು ಬಂತು. ಗುರುವಾರ ಬರುತ್ತಾಳೆ, ಮನೆ ನೋಡುತ್ತಾಳೆ, ಪತ್ರಕ್ಕೆ ಸಹಿ ಮಾಡುತ್ತಾಳೆ. ಗಿಡ ಕಿತ್ತು ಹಾಕೆಂದು ಭೀಮಪ್ಪ ಗದರಿದ. ಹೂವು ಬಿಟ್ಟ ಬೆಳೆ, ಇನ್ನು ಕೆಲವೇ ವಾರ, ಹಿತ್ತಲ ಶೆಡ್ಡಿನಲ್ಲಿ ಇಡುತ್ತೇನೆಂದು ಸ್ಕಂದ ಗೋಗರೆದ. ಮೂರೂ ಗಂಡು ಎಂಬ ಒಂದು ಮಾತಿನಿಂದ ಮುಗಿಯುವ ಗೋಗರೆತ ಅದು. ಆ ಮಾತು ಭೀಮಪ್ಪನ ನಾಲಿಗೆಯ ತುದಿಗೆ ಬಂದು ವಾಪಸು ಹೋಯಿತು. ಶೆಡ್ಡಿಗೆ ಯಾರು ಬರುತ್ತಾರೆಂದು ಒಪ್ಪಿಕೊಂಡ.

ಓರ್ಲಾ ಬಂದಳು. ಎಲ್ಲ ಗ್ರ್ಯಾಂಡ್, ಚೆನ್ನಾಗಿದೆ, ಎಂದಳು. ಚಹಾ ಕುಡಿದು, ಪತ್ರ ತೆಗೆದು, ಪೆನ್ನು ಕೈಗೆ ತೆಗೆದುಕೊಂಡವಳು, ಮೊನ್ನೆಯ ಬಿರುಗಾಳಿಗೆ ಶೆಡ್ಡಿನ ತಗಡು ಹಾರಿತಂತಲ್ಲ, ಅದೊಂದು ನೋಡಿಬಿಡೋಣ, ಎಂದು ಎದ್ದಳು. ಇವರಿಬ್ಬರೂ ಏಳುವ ಮೊದಲೇ ಆಕೆ ಹಿತ್ತಲಲ್ಲಿದ್ದಳು.

ಎದೆಯೆತ್ತರದ ಮೂರು ಗಿಡಗಳ ಮುಂದೆ ಮೂವರೂ ನಿಂತರು. ಇದು ಎಷ್ಟು ದಿನದಿಂದ ನಡೆದಿದೆ ಎಂದು ಆಕೆ ಕೇಳಿದಳು.

ಸ್ಕಂದನ ತಲೆ ಆ ಹೊತ್ತಿಗೆ ಚುರುಕಾಗಿ ಓಡಿತು. ಗೆಳೆಯನೊಬ್ಬ ಹೋದ ವಾರ ತಂದಿಟ್ಟು ಹೋದ, ತಪ್ಪೆಲ್ಲ ನನ್ನದು, ಭೀಮಣ್ಣನಿಗೆ ಏನೂ ಗೊತ್ತಿಲ್ಲ, ಎಂದ. ಅಷ್ಟಕ್ಕೇ ನಿಲ್ಲಿಸದೆ, ಅವರು ಇವನ್ನು ಟೊಮೆಟೊ ಗಿಡ ಅಂದುಕೊಂಡಿದ್ದಾರೆ, ಎಂದೂ ಸೇರಿಸಿದ.

ಓರ್ಲಾ ಭೀಮಪ್ಪನ ಕಡೆ ತಿರುಗಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಕನಿಕರವಿತ್ತು. ಪೆನ್ನು ಇನ್ನೂ ಕೈಯಲ್ಲೇ ಇತ್ತು. ಅವನು ತಲೆ ತಗ್ಗಿಸಿ ಸುಮ್ಮನೆ ನಿಂತಿದ್ದರೆ ಸಾಕಿತ್ತು.

ಆದರೆ ಟೊಮೆಟೊ ಎಂಬ ಮಾತು ಅವನ ನೆತ್ತಿಗೇರಿತ್ತು. ಇಪ್ಪತ್ತು ವರ್ಷ ಗುಲಾಬಿ, ಮೂರು ವರ್ಷ ಟೊಮೆಟೊ ಬೆಳೆದವನಿಗೆ, ಗ್ರೀನ್ ಟೀ ಹೊಯ್ಯುವ ಈ ಪೋರ ಟೊಮೆಟೊ ಗಿಡ ಗೊತ್ತಿಲ್ಲವೆಂದು ಹೇಳುವುದೇ? ಹೋದ ವಾರ ಬಂದ ಗಿಡಕ್ಕೆ ಈ ಬೇರು ಕುಂಡ ತುಂಬುತ್ತದೆಯೇ?

"ಹದಿನಾಲ್ಕು ವಾರ, ಎರಡು ದಿನ," ಎಂದ, ತನಗೆ ಬರುವ ಇಂಗ್ಲಿಷಿನಲ್ಲಿ, ಗಟ್ಟಿಯಾಗಿ. "ಬೀಜ ಮೊಳೆತಾಗಿನಿಂದ ನಾನು ನೋಡಿದ್ದೇನೆ. ಇವನಿಗೆ ಬೆಳೆಯೋಕೆ ಬರಲ್ಲ. ಮೂರೂ ಗಂಡು."

ಓರ್ಲಾ ಪೆನ್ನಿಗೆ ಮುಚ್ಚಳ ಹಾಕಿದಳು. ಪೊಲೀಸರನ್ನು ಕರೆಯುವುದಿಲ್ಲ, ಒಂದು ಗಂಟೆಯಲ್ಲಿ ಇದೆಲ್ಲ ಇಲ್ಲಿಂದ ಹೋಗಬೇಕು, ಪತ್ರದ ಮಾತನ್ನು ಇನ್ನು ನನ್ನ ಹತ್ತಿರ ಎತ್ತಬೇಡಿ, ಎಂದಳು. ಅವಳ ಕಾರು ತಿರುವು ದಾಟಿತು.

ಕಸದ ದೊಡ್ಡ ಚೀಲ ಬಿಡಿಸುತ್ತ ಸ್ಕಂದ ಕೇಳಿದ: "ಗಂಡು ಅಂತ ಯಾವಾಗ ಗೊತ್ತಾಯ್ತು ನಿಮಗೆ?"

"ಮೂರು ವಾರ ಆತು."

"ಅವತ್ತೇ ಹೇಳಿದ್ರೆ ಅವತ್ತೇ ಬಿಸಾಕ್ತಿದ್ದೆ, ಭೀಮಣ್ಣ. ಗಂಡು ಗಿಡ ಇಟ್ಕೊಂಡು ನಾನೇನ್ ಮಾಡ್ಲಿ?"

ಸಿಟ್ಟಿಲ್ಲದೆ ಕೇಳಿದ್ದ. ಭೀಮಪ್ಪ ಬೈಗುಳಕ್ಕಾಗಿ ತಡಕಾಡಿದ. "ಚೀಲ ಅಗಲಕ್ಕೆ ಹಿಡಿ," ಎಂದ. ಮೊದಲ ಗಿಡವನ್ನು ಬುಡಸಮೇತ ಎಳೆದಾಗ ಹಳದಿ ಪುಡಿ ಉದುರಿ ಇಬ್ಬರ ತೋಳಿಗೂ ಮೆತ್ತಿತು.

ಅಡುಗೆಮನೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಸಹಿ ಆಯಿತೇ ಎಂದು ಕೇಳಲು ವಿನೋದಿನಿ ಕಾದು ಕೂತಿದ್ದಳು. ಭೀಮಪ್ಪ ಎರಡನೆಯ ಗಿಡಕ್ಕೆ ಕೈ ಹಾಕಿದ.