ಹೊಸಬಾಳೆಗೆ ಹೊರಟ ಗಾಡಿ

"ನಿಮ್ಮ ಸೊಸೆದು ಎಲ್ಲಾ ಸರಿಯಾಗಿದೆ. ಈಗ ನೀವು ಮಲಗಿ," ಎಂದಳು ನರ್ಸ್ ರಾಜೇಶ್ವರಮ್ಮ.

ಹಾಲಮ್ಮ ಗೋಡೆ ಬಿಟ್ಟು ಅಲುಗಲಿಲ್ಲ. "ನನಗೇನಾಗೈತ್ರೀ? ಈಕಿನ್ನ ತೋರ್ಸಾಕ ಬಂದೀನಿ."

"ಮೊದಲು ಆ ಶಾಲು ತೆಗೀರಿ. ಇಂಥ ಬಿಸಿಲಲ್ಲಿ ಯಾರಮ್ಮ ಶಾಲು ಹೊದೀತಾರೆ?"

ಶಿಕಾರಿಪುರದ ಆಸ್ಪತ್ರೆಯ ಆ ಸಣ್ಣ ಕೋಣೆಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಿದ್ದ ನೀಲಾಂಬಿಕ ಹಾಗೇ ನಿಂತುಬಿಟ್ಟಳು. ತನಗೆ ಐದು ತಿಂಗಳು. ಶಾಲು ಸರಿದಾಗ ಕಂಡ ಅತ್ತೆಯ ಹೊಟ್ಟೆ ತನ್ನದಕ್ಕಿಂತ ದೊಡ್ಡದಿತ್ತು. ದಿನಾ ಒಂದೇ ಒಲೆಯ ಮುಂದೆ ರೊಟ್ಟಿ ಬಡಿಯುವ ಸೊಸೆಗೆ ಅನುಮಾನ ಬಂದಿರಲಿಲ್ಲವೇ? ಬಂದಿತ್ತು. ಕೇಳುವ ಬಾಯಿ ಇರಲಿಲ್ಲ, ಅಷ್ಟೇ.

ನರ್ಸಮ್ಮ ಹಾಲಮ್ಮನ ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದಳು. ಪಾದ ಒತ್ತಿದಳು. ಒತ್ತಿದಲ್ಲಿ ಗುಳಿ ಬಿದ್ದು ಹಾಗೇ ಉಳಿಯಿತು.

"ಅಯ್ಯೋ ದೇವರೇ, ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ! ಹಿಂದಿನ ಹೆರಿಗೆ ಹೇಗಾಯ್ತು?"

"ರಕ್ತ ನಿಲ್ಲಲಿಲ್ರೀ," ಹಾಲಮ್ಮ ಸೂರು ನೋಡುತ್ತಾ ಹೇಳಿದಳು. "ಕೂಸು ಹೋತು. ನಾನು ಹೆಂಗೋ ಉಳಿದೆ."

"ಈ ಸಲ ಮನೇಲಿ ಹೆತ್ತರೆ ಉಳಿಯೋದು ಕಷ್ಟ. ಎಂಟು ತುಂಬುತ್ತಲೇ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಸೇರಬೇಕು. ಹೆರಿಗೆ ಆದಮೇಲೆ ಅಲ್ಲೇ ಆಪರೇಷನ್ ಮಾಡ್ತಾರೆ, ಮತ್ತೆ ಬಸಿರಿನ ಭಯ ಇರೋದಿಲ್ಲ. ಆದರೆ ಇದಕ್ಕೆ ಯಜಮಾನರ ಸಹಿ ಬೇಕೇ ಬೇಕು."

ಮೈಸೂರು ಸರ್ಕಾರ ಎಂದು ಅಚ್ಚಾಗಿದ್ದ ಕಾಗದವೊಂದನ್ನು ನರ್ಸಮ್ಮ ಚಾಚಿದಳು. ಹಾಲಮ್ಮ ಅದನ್ನು ಮುಟ್ಟಲಿಲ್ಲ. ನೀಲಾಂಬಿಕ ತೆಗೆದುಕೊಂಡು ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹರಿದು ಒಗಿ ಅದನ್ನ," ಎಂದಳು ಹಾಲಮ್ಮ, ಬಸ್ಸು ಶಿರಾಳಕೊಪ್ಪದ ದಾರಿ ಹಿಡಿದ ಮೇಲೆ. "ಸೋಮವಾರ ನನ್ನ ತವರಿಗೆ ಕಳಿಸ್ತಾರಂತ ನಿಮ್ಮ ಮಾವ. ಅತ್ತಿ ಸೊಸಿ ಒಟ್ಟಿಗೆ ಹೊಟ್ಟಿ ಹೊತ್ಕೊಂಡು ಓಡಾಡೋದು ಊರ ಕಣ್ಣಿಗೆ ಬೀಳಬಾರ್ದಂತ. ಹೊಸಬಾಳ್ಯಾಗ ಹಡದು ಬರ್ತೀನಿ, ಬಿಡು."

"ಅಲ್ಲಿ ಆಸ್ಪತ್ರಿ ಐತೇನ್ರೀ, ಅತ್ತ್ಯಾರೆ?"

"ಸೂಲಗಿತ್ತಿ ಹುಲಿಯಮ್ಮ ಅದಾಳ."

"ಹಿಂದಿನ ಸಲಾನೂ ಆಕೀನೇ ಇದ್ಲಲ್ರೀ?"

ಹಾಲಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ನಲವತ್ತೆರಡು ವರ್ಷದ ಹೆಂಗಸು ಬಸ್ಸಿನಲ್ಲಿ ಎಲ್ಲರೆದುರು ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು. ನೀಲಾಂಬಿಕ ಸೊಂಟದ ಕಾಗದ ಮುಟ್ಟಿ ನೋಡಿಕೊಂಡಳು. ತಾಯಿಯಿಲ್ಲದೆ ಬೆಳೆದು ಬಂದವಳಿಗೆ ಈ ಮನೆಯಲ್ಲಿ ತಲೆ ಬಾಚಿ ಹೂ ಮುಡಿಸಿದವಳು ಇವಳೊಬ್ಬಳೇ.

ಆ ಸಂಜೆ ಕಾಗದವನ್ನು ಗಂಡನ ಕೈಗೆ ಕೊಟ್ಟು ನೋಡಿದಳು. ನಾಗರಾಜಪ್ಪ ಓದಿದ, ಕಿವಿ ಕೆಂಪಾಯಿತು. "ಅಪ್ಪಗ ಇದನ್ನ ನಾ ಹೆಂಗ ಕೊಡ್ಲಿ, ಮಾರಾಯ್ತಿ?" ಎಂದು ವಾಪಸು ಕೊಟ್ಟು ಅಂಗಡಿಗೆ ಹೋದ. ಅವ್ವನ ಜೀವಕ್ಕಿಂತ ಅವನಿಗೆ ಅವನ ನಾಚಿಕೆಯೇ ದೊಡ್ಡದಾಗಿತ್ತು.

ಸೋಮವಾರ ಬೆಳಿಗ್ಗೆ ಮನೆಯ ಆಳು ಮಾಸ್ತಪ್ಪ ಬಾಗಿಲ ಮುಂದೆ ಎತ್ತಿನ ಗಾಡಿ ಕಟ್ಟಿದ. ಹಾಲಮ್ಮ ಗಂಟು ಹಿಡಿದು ಹತ್ತಿ ಕೂತಳು. ಅವಳ ಗಂಡ, ಜವಳಿ ಅಂಗಡಿ ಪಂಚಾಕ್ಷರಪ್ಪ ಜಗಲಿಯ ಮೇಲೆ ನಿಂತು, ಬಿಸಿಲೇರುವ ಮೊದಲೇ ಹೊರಡಿ ಎಂದು ಅವಸರ ಮಾಡುತ್ತಿದ್ದ.

"ಮಾವಾರೆ, ಇದಕ್ಕೊಂದು ಸಹಿ ಹಾಕ್ರಿ."

ಆ ದನಿ ಯಾರದೆಂದು ಪಂಚಾಕ್ಷರಪ್ಪನಿಗೆ ತಕ್ಷಣ ತಿಳಿಯಲೇ ಇಲ್ಲ. ಎರಡು ವರ್ಷದಿಂದ ಅವನ ಮನೆಯಲ್ಲೇ ಇದ್ದ ದನಿ. ನೀರಿಟ್ಟರೆ ಬಳೆ ಸದ್ದು ಮಾಡಿ ತಿಳಿಸುತ್ತಿದ್ದ ಸೊಸೆ ಬಾಗಿಲ ಮರೆಯಿಂದ ಹೊರಗೆ ಬಂದು ಎದುರಿಗೆ ನಿಂತಿದ್ದಳು.

ಅವನು ಕಾಗದ ಓದಿದ. ಮುಖ ಕಪ್ಪಿಟ್ಟಿತು. "ನಾಚಿಕಿ ಇಲ್ಲೇನು ನಿಮಗ? ಆ ಆಸ್ಪತ್ರಿ ಗುಮಾಸ್ತ ನನ್ನ ಗಿರಾಕಿ. ನಾಳೆ ಸಂತಿ ತುಂಬಾ ನನ್ನ ಹೆಸರು ಹೇಳಿ ನಗ್ತಾರ. ಒಳಗ ನಡಿ!"

ನೀಲಾಂಬಿಕ ಒಳಗೆ ಹೋಗಲಿಲ್ಲ. ಜಗಲಿ ಇಳಿದು, ಗಾಡಿಯ ಗೂಟ ಹಿಡಿದು ಹತ್ತಿ ಅತ್ತೆಯ ಪಕ್ಕ ಕೂತಳು.

"ಹಂಗಾದ್ರ ನಾನೂ ಹೋಗ್ತೀನ್ರಿ. ಅತ್ತ್ಯಾರು ಹಡಿಯೋ ಕ್ವಾಣ್ಯಾಗ ನಾನೂ ಹಡೀತೀನಿ. ಹುಲಿಯಮ್ಮನ ಕೈಗೆ ಇಬ್ರನ್ನೂ ಕೊಟ್ಟುಬಿಡ್ರಿ."

ಮೊಮ್ಮಗ ಹುಟ್ಟಿದರೆ ತನ್ನಪ್ಪ ವೀರಬಸಪ್ಪನ ಹೆಸರೇ ಇಡುವುದೆಂದು ಪಂಚಾಕ್ಷರಪ್ಪ ಆಗಲೇ ಬೀದಿಗೆಲ್ಲ ಸಾರಿದ್ದ. ಅವನು ಸೊಸೆಯ ಹೊಟ್ಟೆಯ ಕಡೆ ನೋಡಿದ.

"ಇಳಿ ನೀಲಾ, ನಿನ್ನ ದಮ್ಮಯ್ಯ ಅಂತೀನಿ," ಎಂದು ಹಾಲಮ್ಮ ಅವಳ ತೋಳು ಜಗ್ಗಿದಳು. ನೀಲಾಂಬಿಕ ಗೂಟ ಬಿಡಲಿಲ್ಲ. ಎದುರು ಮನೆಯ ಹೆಂಗಸು ಬೀದಿ ಗುಡಿಸುವುದನ್ನು ಬಿಟ್ಟು ಪೊರಕೆ ಹಿಡಿದೇ ನಿಂತಳು. ಮಾಸ್ತಪ್ಪ ಹಗ್ಗ ಕೈಯಲ್ಲಿ ಹಿಡಿದು ಯಜಮಾನನ ಮುಖ ನೋಡಿದ.

"ಗಾಡಿ ತಡಿಯೋ," ಎಂದ ಪಂಚಾಕ್ಷರಪ್ಪ.

ಒಳಗಿನಿಂದ ಮಸಿಕುಡಿಕೆ, ಲೇಖನಿ ತಂದು ಜಗಲಿಯ ಮೇಲೆ ಕೂತ. ಹೆಂಡತಿಯ ಹೆಸರು ಬರೆದ, ವಯಸ್ಸು ಬರೆದ. ಹಿಂದಿನ ಹೆರಿಗೆಗಳು ಎಷ್ಟು ಎಂದಿದ್ದುದನ್ನು ಗಟ್ಟಿಯಾಗಿ ಓದಿ ನಿಂತ. ಮನೆಯಲ್ಲಿದ್ದ ಮಕ್ಕಳನ್ನು ಮನಸ್ಸಿನಲ್ಲೇ ಎಣಿಸಿ, "ನಾಲ್ಕು" ಎನ್ನುತ್ತಾ ಬರೆದ.

"ಏಳು," ಎಂದಳು ಹಾಲಮ್ಮ ಗಾಡಿಯಿಂದ.

ಅವನು ತಲೆಯೆತ್ತಿದ.

"ಏಳು ಅಂತ ಬರೀರಿ. ಇದು ಎಂಟನೇದು. ಹೋದ ಮೂರರಾಗ ಎರಡಕ್ಕ ಹೆಸರೂ ಇಟ್ಟಿದ್ವಿ. ಮರ್ತ್ರೇನು?"

ಪಂಚಾಕ್ಷರಪ್ಪ ನಾಲ್ಕನ್ನು ಹೊಡೆದು ಪಕ್ಕದಲ್ಲಿ ಏಳು ಎಂದು ಬರೆದ. ಸಹಿ ಹಾಕಿದ. ಮಸಿ ಒಣಗಿದ ಮೇಲೂ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. ಮಾಸ್ತಪ್ಪ ಎತ್ತುಗಳ ಕೊರಳ ಹಗ್ಗ ಬಿಚ್ಚಿ ನೊಗ ಇಳಿಸತೊಡಗಿದ.